ಸುಂದರಮ್ಮನವರು ಬಿಟ್ಟ ಒಂದು ನಡಿಗೆ

ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಸುಂದರಮ್ಮನವರು ನಡೆದು ಬರುವ ರೀತಿಯನ್ನು ನೋಡಿಯೇ ಅವರು ಯಾರನ್ನು ಕಂಡು ಬರುತ್ತಿದ್ದಾರೆಂದು ಹೇಳಿಬಿಡಬಹುದಿತ್ತು. ಸೊಂಟದ ಮೇಲೆ ಕೈಯಿಟ್ಟು, ಯಾರೋ ಕರೆದಂತೆ ಆಗಾಗ ಹಿಂದಿರುಗಿ ನೋಡುತ್ತ ಬಂದರೆ ಹಾಲಿನ ಬೂತಿನ ಮಹದೇವುವಿನ ಜೊತೆ ಮಾತಾಗಿದೆಯೆಂದು ಅರ್ಥ. ಎದೆ ಮುಂದು ಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣಿಗೆ ಕಾಣದ ಸಭೆಯೊಂದಕ್ಕೆ ತಲೆದೂಗುತ್ತ ಬಂದರೆ ನಿವೃತ್ತ ಪ್ರಾಂಶುಪಾಲರಾದ ಅನಂತಪದ್ಮನಾಭ ರಾಯರು ಎದುರಾಗಿದ್ದಾರೆಂದು ಅರ್ಥ. ಯಾರನ್ನೂ ಅನುಕರಿಸಬೇಕೆಂಬ ಉದ್ದೇಶ ಅವರಿಗಿರಲಿಲ್ಲ. ಕಂಡವರ ನಡಿಗೆ ಅವರ ಕಾಲಿಗೆ ತಾನಾಗಿ ಹತ್ತಿಕೊಳ್ಳುತ್ತಿತ್ತು. ಮನೆಗೆ ಬಂದು ಕಾಲು ತೊಳೆದ ಮೇಲೆಯೇ ಬಿಡುತ್ತಿತ್ತು. ನಾನು ಅವರ ಪಕ್ಕದ ಮನೆಯವನು. ನನ್ನ ನಡಿಗೆಯನ್ನು ಅವರ ಕಾಲಲ್ಲಿ ಮೊದಲ ಸಲ ಕಂಡಾಗ, ಇಷ್ಟು ಕಾಲವೂ ಲೋಕದ ಮುಂದೆ ಹೀಗೆ ಬಾತುಕೋಳಿಯಂತೆ ಓಡಾಡಿದೆನಲ್ಲ ಎಂದು ನಾಚಿ, ಕೆಲವು ದಿನ ಬೆಳಗಿನ ವಾಕಿಂಗನ್ನೇ ನಿಲ್ಲಿಸಿದ್ದೆ.

ಈ ಪ್ರತಿಭೆಗೆ ಒಂದು ಕಾಲದಲ್ಲಿ ರಾಜಮರ್ಯಾದೆಯಿತ್ತು. ಮದುವೆಯಲ್ಲಿ ಗಂಡಿನ ಕಡೆಯವರನ್ನು ಸಾಲಾಗಿ ಕೂರಿಸಿ, ಹೆಣ್ಣಿನ ಕಡೆಯ ಹೆಂಗಸರು ಅವರ ಹೊಟ್ಟೆ, ಮೀಸೆ, ಜಿಪುಣತನ, ಗೊರಕೆಗಳನ್ನೆಲ್ಲ ಹಾಡು ಕಟ್ಟಿ ಹರಾಜು ಹಾಕುವ ಬೀಗರ ಹಾಡಿನ ಪದ್ಧತಿ ನಮ್ಮಲ್ಲಿ ಇನ್ನೂ ಉಸಿರಾಡುತ್ತಿದ್ದ ಕಾಲ ಅದು. ಚಾಮರಾಜಪುರಂನಲ್ಲಾಗಲಿ ನಮ್ಮ ಕಡೆಯಾಗಲಿ ಲಗ್ನ ನಿಶ್ಚಯವಾದರೆ ಪುರೋಹಿತರಿಗಿಂತ ಮೊದಲು ಸುಂದರಮ್ಮನವರಿಗೆ ಹೇಳಿಕಳಿಸುತ್ತಿದ್ದರು. ಅವರು ಪನ್ನೀರುದಾನಿ ಹಿಡಿದು ಛತ್ರದ ಬಾಗಿಲಲ್ಲಿ ನಿಂತು, ಒಳಬರುವ ಪ್ರತಿಯೊಬ್ಬ ಬೀಗರ ಮೇಲೂ ಪನ್ನೀರು ಚಿಮುಕಿಸುತ್ತ, ಹೆಸರು ಕೇಳುತ್ತ, ಹೆಜ್ಜೆ ನೋಡಿಕೊಳ್ಳುತ್ತಿದ್ದರು. ಮಾರನೆಯ ದಿನ ಊಟದ ಹೊತ್ತಿಗೆ ‘ಬೀಗರು ಬಂದರು ಬಸ್ಸಿನಲಿ, ಮರೆತರು ಪೇಟವ ಸೀಟಿನಲಿ’ ಎಂದು ಶುರುವಾದರೆ, ಒಬ್ಬೊಬ್ಬರ ಹಾಡಿಗೂ ಅವರವರ ನಡಿಗೆಯನ್ನೇ ನಡೆದು ತೋರಿಸಿ, ಅಡುಗೆಮನೆಯ ಭಟ್ಟರು ಸೌಟು ಹಿಡಿದುಕೊಂಡೇ ಬಂದು ನಿಲ್ಲುವಂತೆ ಮಾಡುತ್ತಿದ್ದರು. ಶುರು ಮಾಡುವ ಮುನ್ನ ಅವರದೊಂದು ಮಾತಿತ್ತು: ‘ಹೇಳಿದ್ರೆ ತಪ್ಪಾಗುತ್ತೆ, ಹೇಳ್ದೆ ಇದ್ರೆ ಅಜೀರ್ಣ ಆಗುತ್ತೆ ಕಣ್ರೀ.’ ಮುಗಿದ ಮೇಲೆ, ಗೇಲಿಗೆ ಸಿಕ್ಕವರ ಕೈಗೆಲ್ಲ ತಪ್ಪದೆ ಒಂದು ಚೂರು ಕಲ್ಲುಸಕ್ಕರೆ ಕೊಡುತ್ತಿದ್ದರು.

ಇಂಥ ಸುಂದರಮ್ಮನವರು ಹಾಡು ನಿಲ್ಲಿಸಿದ್ದು ತಮ್ಮ ಸ್ವಂತ ಮಗಳ ಮದುವೆಯ ಮಾರನೆಯ ದಿನ. ಶರಣ್ಯಾಳನ್ನು ಕೊಟ್ಟದ್ದು ಹುಬ್ಬಳ್ಳಿಗೆ. ಆ ದಿನದ ಹಾಡು ಅವರ ಜೀವಮಾನದ ಕಿರೀಟವೆಂದು ನೋಡಿದ ನಾನು ಈಗಲೂ ಹೇಳುತ್ತೇನೆ. ವರನ ತಾಯಿ ಕೃಷ್ಣಾಬಾಯಿಯವರ ಎಡಗಾಲು ಬಾಲ್ಯದಿಂದ ಊನವಾಗಿತ್ತು. ಆ ಹೆಂಗಸಿನ ಮನಸ್ಸು ನೋಯಬಾರದೆಂದು ಅವರೊಬ್ಬರನ್ನು ನಾಜೂಕಾಗಿ ಬಿಟ್ಟು, ಉಳಿದ ಬೀಗರನ್ನೆಲ್ಲ ಸುಂದರಮ್ಮನವರು ಹುರಿದು ಮುಕ್ಕಿದರು. ಎಲ್ಲರೂ ನಕ್ಕರು. ಕೃಷ್ಣಾಬಾಯಿ ಮಾತ್ರ ಮುಖ ಬಿಗಿದುಕೊಂಡು ಎದ್ದುಹೋದವರು, ಅಂದಿನಿಂದ ಮೈಸೂರಿನ ಬೀಗರ ಹೊಸಿಲು ತುಳಿಯಲಿಲ್ಲ. ಸೊಸೆಯನ್ನು ಚೆನ್ನಾಗಿಯೇ ನೋಡಿಕೊಂಡರು, ಹಬ್ಬಕ್ಕೆ ತವರಿಗೂ ಕಳಿಸಿದರು, ಬೀಗಿತ್ತಿಯ ಜೊತೆ ಮಾತ್ರ ಮಾತಿಲ್ಲ. ‘ಯಾವ ಸಾಲು ಚುಚ್ಚಿತೋ ವಾಗೀಶ? ಅವರ ಯಜಮಾನ್ರ ಗೊರಕೆ ಸಾಲಾ? ಅಣ್ಣನ ನಶ್ಯದ ಸಾಲಾ?’ ಎಂದು ಸುಂದರಮ್ಮನವರು ನನ್ನನ್ನು ಎಷ್ಟು ಸಲ ಕೇಳಿದರೋ. ನಗಿಸುವುದೊಂದೇ ಗೊತ್ತಿದ್ದ ಹೆಂಗಸಿಗೆ, ತನ್ನ ನಗೆಯೇ ಒಂದು ಮನೆಯ ಬಾಗಿಲು ಮುಚ್ಚಿಸಿತೆಂಬ ಕೊರಗು ಅನ್ನಕ್ಕೆ ಕಲ್ಲಾಗಿತ್ತು.

ಅಷ್ಟರಲ್ಲಿ ಬೀಗರ ಹಾಡೂ ಛತ್ರಗಳಿಂದ ಮಾಯವಾಗಿ, ಆ ಜಾಗದಲ್ಲಿ ಎದೆ ನಡುಗಿಸುವ ಸ್ಪೀಕರುಗಳು ಬಂದು ಕೂತವು. ಸುಂದರಮ್ಮನವರನ್ನು ಮತ್ತೆ ಎಬ್ಬಿಸಿದ್ದು ಅವರ ಅಣ್ಣನ ಮೊಮ್ಮಗಳು ಲಹರಿ. ಈ ಹುಡುಗಿ ಸ್ಟ್ಯಾಂಡ್-ಅಪ್ ಕಾಮಿಡಿ ಮಾಡುತ್ತಾಳೆ. ಎಂದರೆ ಒಬ್ಬಳೇ ವೇದಿಕೆಯ ಮೇಲೆ ನಿಂತು, ತನ್ನ ಮನೆಯವರನ್ನು ಆಡಿಕೊಂಡು, ಟಿಕೆಟ್ಟು ಕೊಂಡು ಬಂದ ಅಪರಿಚಿತರನ್ನು ನಗಿಸುತ್ತಾಳೆ. ‘ಇದೇನೇ ಮಹಾ, ನಾವು ಎಲೆ ಎತ್ತೋದ್ರೊಳಗೆ ಮಾಡ್ತಿದ್ವಿ’ ಎಂದು ಅಜ್ಜಿ ಒಮ್ಮೆ ಮೂಗು ಮುರಿದದ್ದೇ ನೆಪವಾಗಿ, ಲಹರಿ ಅವರನ್ನು ಸರಸ್ವತಿಪುರಂನ ಕಾಫಿ ಅಂಗಡಿಯೊಂದರ ಮಹಡಿಗೆ ಕರೆದೊಯ್ದಳು. ಅಲ್ಲಿ ಮೈಕು ಕೊಟ್ಟರೆ ‘ನನ್ನ ಗಂಟಲು ಛತ್ರದ ಹಿತ್ತಲಿಗೂ ಕೇಳಿಸ್ತಿತ್ತು’ ಎಂದು ಅದನ್ನು ಸ್ಟೂಲಿನ ಮೇಲೆ ಮಲಗಿಸಿ, ಎದುರಿಗಿದ್ದ ಹುಡುಗ ಹುಡುಗಿಯರು ಮೆಟ್ಟಿಲು ಹತ್ತಿ ಬಂದ ನಡಿಗೆಗಳನ್ನೇ ನಡೆದು ತೋರಿಸಿದರು. ಆಮೇಲೆ ಬೆಂಗಳೂರು, ತುಮಕೂರು, ಹಾಸನ ಎಂದು ಅಜ್ಜಿ ಮೊಮ್ಮಗಳ ಜೋಡಿ ಊರೂರು ಸುತ್ತತೊಡಗಿತು. ಹುಬ್ಬಳ್ಳಿಯಿಂದ ಪ್ರದರ್ಶನಕ್ಕೆ ಕರೆ ಬಂದಾಗ ಮಾತ್ರ ಅವರು ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ನನ್ನನ್ನು ಕೂಗಿದರು. ‘ನೀನೂ ಬಾರೋ ವಾಗೀಶ. ಯಾವ ಸಾಲು ಅಂತ ಬೀಗಿತ್ತಿ ಕಾಲು ಹಿಡಿದಾದ್ರೂ ಕೇಳ್ಬುಡ್ತೀನಿ. ಗೊತ್ತಿಲ್ದೆ ಸಾಯೋಕಾಗಲ್ಲ.’

ಪ್ರಯಾಣವೆಂದರೆ ಅವರು ಸೀರೆಯ ಮೇಲೆ ಯಜಮಾನರ ಕಪ್ಪು ಕೋಟು ತೊಡುತ್ತಿದ್ದರು. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಆ ಮಹಾಶಯರು ಬದುಕಿದ್ದಾಗ ಶ್ರೀರಂಗಪಟ್ಟಣ ದಾಟಿ ಹೋದವರಲ್ಲ. ಅವರ ಕೋಟು ಮಾತ್ರ ಹೆಂಡತಿಯ ಹೆಗಲ ಮೇಲೆ ಅರ್ಧ ಕರ್ನಾಟಕ ನೋಡಿತು. ಬಲಗಡೆಯ ಜೇಬಿನಲ್ಲಿ ಕಲ್ಲುಸಕ್ಕರೆಯ ಪೊಟ್ಟಣ, ಎಡಗಡೆಯದರಲ್ಲಿ ಹುರಿದ ಅಡಿಕೆ. ಅರಸೀಕೆರೆ ತಲುಪುವಷ್ಟರಲ್ಲಿ ಬೋಗಿಯವರೆಲ್ಲ ಅವರಿಗೆ ನೆಂಟರಾಗಿ, ಚಪಾತಿ ಚಟ್ನಿಪುಡಿಗಳು ಅತ್ತಿಂದಿತ್ತ ಓಡಾಡಿದವು. ಆದರೆ ಹಾವೇರಿ ದಾಟಿದ ಮೇಲೆ ಅವರು ಕಿಟಕಿಯ ಕಡೆ ತಿರುಗಿ ಕೂತು, ಹಳೆಯ ಮದುವೆಯ ಹಾಡನ್ನು ಸಾಲುಸಾಲಾಗಿ ತುಟಿಯಲ್ಲೇ ಹೇಳಿಕೊಳ್ಳತೊಡಗಿದರು.

ಪರಿಚಯವಿಲ್ಲದವರನ್ನು ಗೇಲಿ ಮಾಡಬಾರದೆಂಬುದು ಅವರ ವ್ರತ. ಆದ್ದರಿಂದ ಪ್ರದರ್ಶನಕ್ಕೆ ಮೊದಲು ಸಭಾಂಗಣದ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ‘ಹೆಸರೇನಪ್ಪ? ಯಾರ ಮನೆಯೋರಮ್ಮ?’ ಎಂದು ವಿಚಾರಿಸುವುದು ವಾಡಿಕೆ. ಹುಬ್ಬಳ್ಳಿಯ ಜನ ಅವರನ್ನು ಟಿಕೆಟ್ಟು ಹರಿಯುವವರೆಂದೇ ತಿಳಿದು ಟಿಕೆಟ್ಟು ಚಾಚುತ್ತಿದ್ದರು; ಅವರೂ ಬೇಜಾರಿಲ್ಲದೆ ಹರಿದು ಕೊಡುತ್ತಿದ್ದರು. ಆ ಬಾಗಿಲಲ್ಲಿ ಕೃಷ್ಣಾಬಾಯಿಯವರು ಕಾಣಲಿಲ್ಲ. ಆದರೆ ಲಹರಿಯ ಸರದಿ ಮುಗಿದು ಸುಂದರಮ್ಮನವರು ವೇದಿಕೆ ಹತ್ತಿದಾಗ, ಮಗಳು ಅಳಿಯಂದಿರ ನಡುವೆ, ಕೋಲನ್ನು ಮೊಣಕಾಲಿಗೆ ಆನಿಸಿಕೊಂಡು, ಮೊದಲ ಸಾಲಿನಲ್ಲಿ ಅವರು ಕೂತಿದ್ದರು. ಶರಣ್ಯಾ ಪಕ್ಕದ ಬಾಗಿಲಿನಿಂದ ಕರೆತಂದಿದ್ದಳು. ಸುಂದರಮ್ಮನವರ ಕಾಲು ಒಂದು ಕ್ಷಣ ತಡವರಿಸಿತು. ಸಾವರಿಸಿಕೊಂಡು ಲಹರಿಯನ್ನು ಆಡಿಕೊಂಡರು, ಮಗಳನ್ನು ಆಡಿಕೊಂಡರು, ಅಳಿಯ ಮಾವನ ಮನೆಗೆ ಬರುವ ಗತ್ತನ್ನೂ ಹೊರಡುವ ಗತ್ತನ್ನೂ ನಡೆದು ತೋರಿಸಿದರು. ಆಮೇಲೆ ಕೃಷ್ಣಾಬಾಯಿಯವರ ಕುರ್ಚಿಯನ್ನು ದಾಟಿ ಎರಡನೆಯ ಸಾಲಿನವರತ್ತ ತಿರುಗಿದರು.

‘ಬೀಗತಿಯವರ, ಈ ಸಲಾನೂ ನನ್ನ ಬಿಟ್ಟು ಮುಂದ ಹೋದ್ರೇನು?’

ಮಾತು ಕೃಷ್ಣಾಬಾಯಿಯವರದು. ಅವರು ಕೂತಲ್ಲಿಂದಲೇ, ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡಂತೆ ಮುಂದುವರಿಸಿದರು. ‘ಅವತ್ತ ನಮ್ಮ ಮನಿಯವರೆಲ್ಲಾರ ನಡಿಗಿ ನಡದು ತೋರಿಸಿದ್ರಿ. ನಮ್ಮ ಡ್ರೈವರನ್ನೂ ಬಿಡಲಿಲ್ಲ. ನಾ ಮದುಮಗನ ತಾಯಿ ಕೂತೀನಿ. ಪಂಕ್ತಿಯೊಳಗ ಎಲ್ಲಾರಿಗೂ ಬಡಿಸಿ, ನನ್ನ ಎಲಿ ಒಂದು ದಾಟಿ ಹೋದ್ರಿ. ಕುಂಟಿ ಅಂತ ಬಿಟ್ರಿ, ಹೌದಲ್ರೀ?’

ಯಾವ ಸಾಲೂ ಚುಚ್ಚಿರಲಿಲ್ಲ. ಇಲ್ಲದ ಸಾಲು ಚುಚ್ಚಿತ್ತು. ಸುಂದರಮ್ಮನವರು ಕಣ್ಣೊರೆಸಿಕೊಂಡು, ಸೆರಗು ಬಿಗಿದು ಸಿಕ್ಕಿಸಿ, ವೇದಿಕೆಯ ಅಂಚಿಗೆ ಬಂದರು.

‘ಹೇಳಿದ್ರೆ ತಪ್ಪಾಗುತ್ತೆ ಅಂತ ಒಂದೇ ಒಂದ್ಸಲ ಸುಮ್ನಾಗ್ಬುಟ್ಟೆ ಕಣ್ರೀ. ಅವತ್ತಿಂದ ಅಜೀರ್ಣ.’

ಆಮೇಲೆ ನಡೆದರು. ಎಡಗಾಲನ್ನು ಸ್ವಲ್ಪ ಎಳೆದು, ಭುಜವನ್ನು ಆ ಕಡೆಗೆ ಬಾಗಿಸಿ, ಗದ್ದ ಮಾತ್ರ ಯಾರಿಗೂ ಬಗ್ಗದಂತೆ ಎತ್ತಿ ಹಿಡಿದು, ಕೃಷ್ಣಾಬಾಯಿಯವರೇ ವೇದಿಕೆಯ ಮೇಲಿದ್ದಾರೆನ್ನುವಂತೆ. ಮದುವೆಯ ದಿನ ಛತ್ರದ ಬಾಗಿಲಲ್ಲಿ ಒಮ್ಮೆ ನೋಡಿದ್ದ ನಡಿಗೆಯನ್ನು ಅವರು ಅಷ್ಟು ಕಾಲ ಕಾಲಲ್ಲೇ ಇಟ್ಟುಕೊಂಡಿದ್ದರು. ನಡುವೇದಿಕೆಯಲ್ಲಿ ಎಡಗಾಲೆತ್ತಿ ನಿಂತು ಹೇಳಿದರು: ‘ನಮ್ಮ ಬೀಗಿತ್ತಿ ಮಹಾರಾಣಿ ತರ ಬಲಗಾಲು ಹುಬ್ಬಳ್ಳೀಲಿಟ್ರು. ಎಡಗಾಲು ಮೈಸೂರಿಗೆ ಅಂತ ಎತ್ತಿದ್ರು. ಹದಿನೆಂಟು ವರ್ಷ ಆಯ್ತು. ಪನ್ನೀರು ಹಿಡ್ಕೊಂಡು ಬಾಗಿಲಲ್ಲೇ ನಿಂತಿದೀನಿ, ಆ ಕಾಲು ಇನ್ನೂ ಬಂದಿಲ್ಲ.’

ಯಾರೂ ನಗಲಿಲ್ಲ, ನಗಬಹುದೇ ಎಂದು ಯಾರಿಗೂ ಗೊತ್ತಾಗಲಿಲ್ಲ. ಮೊದಲು ನಕ್ಕವರು ಕೃಷ್ಣಾಬಾಯಿ. ಕೋಲಿನಿಂದ ನೆಲ ಕುಟ್ಟುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ‘ಬರ್ತದ ತಡೀರಿ, ಆ ಕಾಲು ಸ್ವಲ್ಪ ಸಾವಕಾಶ ಅದ’ ಎಂದರು. ಆಗ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸುಂದರಮ್ಮನವರು ಕೆಳಗಿಳಿದು ಬಂದು, ಕುರ್ಚಿಯ ಮೇಲಿಟ್ಟಿದ್ದ ಕೋಟಿನ ಜೇಬು ತಡಕಿ, ಬೀಗಿತ್ತಿಯ ಕೈಗೆ ಕಲ್ಲುಸಕ್ಕರೆ ಕೊಟ್ಟರು.

ಆ ವರ್ಷದ ದಸರೆಗೆ ಒಂದು ಬೆಳಿಗ್ಗೆ ಸುಂದರಮ್ಮನವರು ಎಡಗಾಲನ್ನು ಎಳೆಯುತ್ತ, ಗದ್ದ ಎತ್ತಿಕೊಂಡು ತರಕಾರಿ ತಂದದ್ದನ್ನು ನೋಡಿ, ಹುಬ್ಬಳ್ಳಿಯ ಬೀಗಿತ್ತಿ ಬಂದಿಳಿದಿದ್ದಾರೆಂದು ಬೀದಿಗೆಲ್ಲ ತಿಳಿಯಿತು. ಅದೊಂದು ನಡಿಗೆ ಮಾತ್ರ, ಕಾಲು ತೊಳೆದ ಮೇಲೂ ಅವರನ್ನು ಬಿಡಲಿಲ್ಲ.

ಸುಂದರಮ್ಮನವರು ತೀರಿಹೋಗಿ ಈಗ ಒಂದು ದಸರೆ ಕಳೆದಿದೆ. ನಗಿಸುವವರು ಲೋಕದ ಭಾರ ಇಳಿಸುತ್ತಾರೆಂದು ಹೇಳುವುದುಂಟು. ನನಗೆ ಅದು ಅರ್ಧ ಮಾತೆನಿಸುತ್ತದೆ. ಕನಿಕರವುಳ್ಳವರು ನಮ್ಮ ಊನ ಕಂಡರೆ ಸಭ್ಯತೆಯಿಂದ ಕಣ್ಣು ಹೊರಳಿಸುತ್ತಾರೆ, ಅವರು ಹೊರಳಿಸಿದ ಆ ಕಣ್ಣಲ್ಲೇ ನಾವು ಇಲ್ಲವಾಗುತ್ತೇವೆ. ಗೇಲಿ ಮಾಡುವ ಜಾತಿಯ ಒಳ್ಳೆಯವರು ಹಾಗಲ್ಲ. ಅವರು ನಮ್ಮನ್ನು ನೆಟ್ಟ ನೋಟದಿಂದ ನೋಡಿ, ಹೇಗಿದ್ದೇವೋ ಹಾಗೆಯೇ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕುತ್ತಾರೆ. ನಾನು ಈಗಲೂ ದಿನಾ ಬೆಳಿಗ್ಗೆ ಅದೇ ಬೀದಿಯಲ್ಲಿ ಬಾತುಕೋಳಿಯಂತೆ ನಡೆಯುತ್ತೇನೆ, ನೋಡಿ ನಡೆದು ತೋರಿಸುವವರು ಯಾರೂ ಇಲ್ಲ.