ಕೋದಂಡಪ್ಪನ ಸಾಕ್ಷಿ ಸೀಸೆ

ಕೋದಂಡಪ್ಪನಿಗೆ ವಾಸನೆಯೇ ಇರಲಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ಹರಳೆಣ್ಣೆ, ಮಲ್ಲಿಗೆ, ಬೀಡಿ, ನಿನ್ನೆಯ ಬೆವರು ಎಲ್ಲವೂ ಒಟ್ಟಾಗಿ ಮೂಗಿಗೆ ಅಡರುತ್ತಿದ್ದಾಗಲೂ, ಅವನು ಕೂತ ಕಡೆ ಮಾತ್ರ ಯಾರೂ ಕೂತೇ ಇಲ್ಲವೇನೋ ಎಂಬಂಥ ಒಂದು ಶೂನ್ಯವಿರುತ್ತಿತ್ತು. ನನ್ನಂಥ ಹಳೆಯ ಕನ್ನಡ ಮೇಷ್ಟ್ರನ್ನೂ ಬಿಡದೆ ಬೊಗಳುವ ನಮ್ಮ ಕಾಲೇಜಿನ ಗೇಟಿನ ನಾಯಿ ಅವನ ಬಳಿ ಬಂದು, ಮೂಸಿ, ಏನೂ ಸಿಗದೆ, ಬಾಲ ಮುದುರಿಕೊಂಡು ಹಿಂದೆ ಸರಿಯುತ್ತಿತ್ತು.

ಅವನು ಕೆಜಿಎಫ್‌ನ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಅಲ್ಲಿನ ಅಧ್ಯಾಪಕಿ ಶ್ಯಾಮಲಾ ಮೇಡಂ ಚರಂಡಿಯ ನೀರಿನಲ್ಲೂ ಕೆರೆಯ ನೀರಿನಲ್ಲೂ ಹಾರ್ಮೋನುಗಳ ಲಯ ಕೆಡಿಸುವ ರಾಸಾಯನಿಕಗಳನ್ನು ಹುಡುಕುವ ಕೆಲಸ ಹಿಡಿದಾಗ, ನೀರು ತುಂಬಿ ತರುವ ಹೊಣೆ ಅವನ ಪಾಲಿಗೆ ಬಂತು. ಹುಡುಕುವ ವಸ್ತುವಿನ ಪ್ರಮಾಣ ಎಷ್ಟು ಸೂಕ್ಷ್ಮವೆಂದರೆ, ತರುವವನ ಕೈಯ ಸೋಪು, ತಲೆಯ ಎಣ್ಣೆ, ಪ್ಲಾಸ್ಟಿಕ್ಕಿನ ಮುಚ್ಚಳ, ಯಾವುದು ಸೋಕಿದರೂ ನೀರಿನ ಮೇಲೆ ಸುಳ್ಳು ಆರೋಪ ಬಂದುಬಿಡಬಹುದು. ಇದನ್ನು ಕೇಳಿದ ದಿನದಿಂದ ಆಸಾಮಿ ಸೋಪು ಬಿಟ್ಟ, ಎಣ್ಣೆ ಬಿಟ್ಟ, ಹಣೆಯ ವಿಭೂತಿಯನ್ನೂ ಬಿಟ್ಟ. ಬರೀ ಬಿಸಿನೀರಿನಲ್ಲಿ ಕುದಿಸಿ ಕುದಿಸಿ ಬೂದಿಯ ಬಣ್ಣಕ್ಕೆ ತಿರುಗಿದ ಒಂದೇ ಒಂದು ಹತ್ತಿಯ ಅಂಗಿಯನ್ನು ಆ ಕೆಲಸಕ್ಕೆಂದೇ ಎತ್ತಿಟ್ಟ. ಹೆಂಡತಿ ಜಗಳವಾಡಿ ಸೋತಳು.

ಒಮ್ಮೆ, ಕುತೂಹಲ ತಡೆಯಲಾರದೆ, ನಾನೂ ಕ್ಯಾಸಂಬಳ್ಳಿ ಕಡೆಯ ಒಂದು ಕೆರೆಗೆ ಅವನ ಬೆನ್ನಿಗೆ ಬಿದ್ದೆ. "ಪೌಡರ್ ಆಕ್ಕಂಡು ಬಂದೋರು ಅಲ್ಲೇ ನಿಂತ್ಕಳಿ ಸಾ" ಎಂದು ನನ್ನನ್ನು ಏರಿಯ ಮೇಲೆಯೇ ನಿಲ್ಲಿಸಿದ. ನಿಂತೆ, ಏನು ಮಾಡಲಿ! ಊರ ಚರಂಡಿ ಬಂದು ಸೇರುವ ಆ ಕೆರೆಯಲ್ಲಿ ನೊರೆ ತೇಲುತ್ತಿತ್ತು. ಹುಲ್ಲು ಹಸಿರಾಗಿಯೇ ಇತ್ತು, ನೊರೆಯಾಚೆಯ ನೀರೂ ತಿಳಿಯಾಗಿಯೇ ಇತ್ತು, ಆದರೆ ಒಂದು ಕಪ್ಪೆಯ ದನಿಯಿಲ್ಲ. ಕೋದಂಡಪ್ಪ ತನ್ನ ಕಾಲು ಕದಡಿದ ಕೆಸರು ಹಿಂದಕ್ಕೆ ಹೋಗಲೆಂದು ಹರಿವಿಗೆ ಎದುರಾಗಿ, ಕೊಕ್ಕರೆಯಂತೆ ಒಂದೊಂದೇ ಹೆಜ್ಜೆ ಎತ್ತಿಟ್ಟು ಇಳಿದ. ಕಂದು ಗಾಜಿನ ಸೀಸೆಯ ಬಾಯಿ ತೆರೆದಿರುವಷ್ಟು ಹೊತ್ತೂ ಅವನು ಉಸಿರು ಬಿಡಲಿಲ್ಲ. ಕೊನೆಗೆ ಲ್ಯಾಬಿನಿಂದಲೇ ಶುದ್ಧ ನೀರು ತುಂಬಿ ತಂದಿದ್ದ ಇನ್ನೊಂದು ಸೀಸೆಯನ್ನು ಕೆರೆಯ ಗಾಳಿಗೆ ಅಷ್ಟೇ ಹೊತ್ತು ತೆರೆದು, ಮುಚ್ಚಿ, ಹಾಗೆಯೇ ವಾಪಸು ಚೀಲಕ್ಕಿಟ್ಟ. ಅದನ್ನು ಅವನು 'ಸಾಕ್ಷಿ' ಎನ್ನುತ್ತಿದ್ದ. ಕೆರೆಯ ಸೀಸೆಯಲ್ಲಿ ಸಿಕ್ಕಿದ್ದು ಸಾಕ್ಷಿಯಲ್ಲೂ ಸಿಕ್ಕರೆ, ಅದು ಕೆರೆಯದಲ್ಲ, ತಂದವನದು. ಊರಿನವರು ಇದನ್ನೆಲ್ಲ ಮಾಟವೆಂದೇ ತಿಳಿದಿದ್ದರು.

ಹೆದರದವಳು ಮುನಿನಾರಾಯಣಮ್ಮ ಒಬ್ಬಳೇ. ಏರಿಯ ಕೆಳಗೆ ಅವಳ ಮನೆ, ಮನೆಗೊಂದು ಬಾವಿ, ಹಟ್ಟಿಯಲ್ಲಿ ಎರಡು ಹಸು. ಹಾಲು ಮಾರಿಯೇ ಅವಳ ಜೀವನ. "ಮೂರು ವರ್ಸ ಆಯ್ತಪ್ಪಾ, ಒಂದೂ ಗಬ್ಬ ನಿಲ್ತಿಲ್ಲ. ಈ ನೀರಾಗೆ ಅದೇನು ಸೇರ್ಕಂಡೈತೋ ಏಳು" ಎಂದು ದುಂಬಾಲು ಬಿದ್ದಳು.

"ಅದ್ರಿಂದ್ಲೇ ಅಂತ ನಾನು ಏಳಕ್ಕಾಗಲ್ಲಮ್ಮ" ಎಂದ ಕೋದಂಡಪ್ಪ ಚೀಲ ಹೆಗಲಿಗೇರಿಸುತ್ತ ಕೇಳಿದ: "ಇಂದೆ ಬಾಗ್ಲ ಮ್ಯಾಲೆ 'ನಾಳೆ ಬಾ' ಅಂತ ಬರೀತಿರ್ಲಿಲ್ವಾ, ದೆವ್ವ ನಮ್ಮೋರ ದನೀಲೇ ಕೂಗ್ತೈತೆ ಅಂತ? ಮೇಡಂ ಉಡುಕೋ ಕೆಮಿಕಲ್ಲೂ ಅಂಗೇಯ, ಮೈಯಾಗಿನ ಆರ್ಮೋನಿನ ದನೀಲೇ ಕೂಗ್ತೈತೆ. ನಮ್ಮೋರೇ ಬಂದ್ರು ಅಂತ ಮೈ ಬಾಗ್ಲು ತೆಗೀತೈತೆ."

"ಮೈ ಮ್ಯಾಲೆ ಎಲ್ಲಪ್ಪಾ ಬರ್ಯೋದು?" ಎಂದಳು ಮುದುಕಿ.

ಆ ಬೇಸಿಗೆಯಲ್ಲಿ ಬೆಂಗಳೂರಿನ ಪ್ರಯೋಗಾಲಯದಿಂದ ಫಲಿತಾಂಶ ಬಂತು: ಕೆರೆಯಲ್ಲಿ ಅಂಥದೊಂದು ರಾಸಾಯನಿಕವಿದೆ. ಚರಂಡಿಯನ್ನು ಬೇರೆಡೆಗೆ ತಿರುಗಿಸುವ ಬಗ್ಗೆ ಅಧಿಕಾರಿಗಳು ಸಭೆ ಕರೆದರು. ಮುನಿನಾರಾಯಣಮ್ಮ ನಮಗೆಲ್ಲ ಗಿಣ್ಣು ಮಾಡಿಕೊಡುತ್ತೇನೆಂದು, ಇನ್ನೂ ಗಬ್ಬವೇ ಆಗದ ಹಸುವಿನ ಬೆನ್ನು ಸವರುತ್ತ ಹೇಳಿದಳು. ಸಾಕ್ಷಿ ಸೀಸೆ ಮಾತ್ರ ಕಾಲೇಜಿನ ಫ್ರಿಜ್ಜಿನಲ್ಲೇ ಇತ್ತು. ಕೋದಂಡಪ್ಪನ ಕೈ ಎಂದಮೇಲೆ ಪರೀಕ್ಷೆ ಯಾಕೆ ಎಂದು ಯಾರೂ ಅದನ್ನು ಕೇಳಿರಲಿಲ್ಲ. ಅವನೇ ಕೇಳಿದ. "ಸಾಕ್ಷೀನ ಇಚಾರಿಸ್ದೆ ತೀರ್ಪು ಬರೀತಾರಾ ಮೇಡಂ?" ಎಂದು ಹಟ ಹಿಡಿದು ಅದನ್ನೂ ಕಳಿಸಿದ.

ಸಾಕ್ಷಿಯಲ್ಲೂ ಅದೇ ರಾಸಾಯನಿಕ ಸಿಕ್ಕಿತು.

ಒಂದು ವಾರ ಅವನು ಅನ್ನ ಬಿಟ್ಟವನಂತೆ ತನ್ನ ಕೈಗಳನ್ನೇ ನೋಡುತ್ತ ಕೂತ. ಸೋಪಲ್ಲ, ಎಣ್ಣೆಯಲ್ಲ, ಅಂಗಿಯಲ್ಲ, ಹಾಗಾದರೆ ಎಲ್ಲಿಂದ? ಶನಿವಾರ, ನೀರು ತರುವ ದಿನ ಮಾತ್ರ ಕಟ್ಟುವ ಗಡಿಯಾರವನ್ನು ಚೀಲದಿಂದ ತೆಗೆದಾಗ ಪಟ್ಟಿಯ ಅಡಿಯಿಂದ ಒಂದು ಮಡಿಸಿದ ಚೀಟಿ ಉದುರಿತು. ಬಸ್ಸಿನ ಟಿಕೆಟ್ಟು. ಪರೀಕ್ಷೆಗೆ ಕಳಿಸಿದ ಆ ನೀರು ತಂದ ದಿನ ಕಾಲೇಜಿನ ಜೀಪು ಕೆಟ್ಟು ಅವನೊಬ್ಬನೇ ಬಸ್ಸಿನಲ್ಲಿ ಹೋಗಿದ್ದ. ನಾವೆಲ್ಲರೂ ಮಾಡುವಂತೆ ಟಿಕೆಟ್ಟನ್ನು ಗಡಿಯಾರದ ಪಟ್ಟಿಗೆ ಸಿಕ್ಕಿಸಿ, ಆ ಕೈಯಲ್ಲೇ ಗ್ಲೌಸು ಏರಿಸಿ, ಅದರಲ್ಲೇ ಮುಚ್ಚಳ ಹಿಡಿದಿದ್ದ. ಮೆಷಿನ್ನಿನಿಂದ ಬರುವ ಆ ನುಣುಪು ಕಾಗದಕ್ಕೆ ಬಳಿದಿರುವುದೂ ಕೆಲವೊಮ್ಮೆ ಅದೇ ರಾಸಾಯನಿಕವಂತೆ. ಬೆವರಿಗೆ ಊರಿನ ಹೆಸರು, ತಾರೀಖು ಎಲ್ಲ ಅಳಿಸಿ ಅದು ಬೋಳಾಗಿತ್ತು. ಆ ಖಾಲಿ ಚೀಟಿಯನ್ನು ಅವನು ಹಾವು ಹಿಡಿದಂತೆ ತುದಿಯಲ್ಲಿ ಹಿಡಿದು ನನಗೆ ತೋರಿಸಿದ.

"ಯಾರಿಗೂ ಗೊತ್ತಿಲ್ಲ ಮಾರಾಯ, ಸುಮ್ಮನಿರು. ಚರಂಡಿ ತಿರುಗಿಬಿಡಲಿ" ಎಂದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಹಾಗೆಂದವನು ನಾನೇ.

"ನಂಗೆ ಗೊತ್ತೈತಲ್ಲ ಸಾ" ಎಂದು ಅವನು ಶ್ಯಾಮಲಾ ಮೇಡಂ ಕೋಣೆಗೆ ನಡೆದ.

ವರದಿ ವಾಪಸಾಯಿತು, ಸಭೆ ರದ್ದಾಯಿತು. ಅದನ್ನು ತಿಳಿಸಲು ಹೋದವನನ್ನು ಮುನಿನಾರಾಯಣಮ್ಮ ಹಿಡಿದು ಜಾಡಿಸಿದಳು: "ಒಂದು ಚೀಟಿಗೋಸ್ಕರ ನನ್ನ ಬಾಯಿಗೆ ಮಣ್ಣಾಕ್ದಲ್ಲೋ ಪುಣ್ಯಾತ್ಮ!" ಅವನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ.

ಮತ್ತೆ ನೀರು ತರಲು ಅನುಮತಿ ಸಿಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕೋದಂಡಪ್ಪ ಆ ದಿನ ಕೆಜಿಎಫ್‌ನಿಂದ ಕೆರೆಯವರೆಗೆ ನಡೆದೇ ಹೋದ, ಸೀಸೆಗಳ ಚೀಲ ಹೊತ್ತು, ಗಡಿಯಾರವಿಲ್ಲದೆ. ಪೌಡರಿಲ್ಲದ ನಾನು ಹಿಂದೆ ಹಿಂದೆ ಏದುತ್ತ ಹೋದೆ. ಗಣಿಯ ಬೂದುಗುಡ್ಡಗಳಿಂದ ಎದ್ದ ಧೂಳಿನಲ್ಲಿ ಆ ಬೂದಿಯ ಅಂಗಿ ಒಮ್ಮೊಮ್ಮೆ ಕಾಣದೇ ಹೋಗುತ್ತಿತ್ತು, ಆಗ ದಾರಿಯಲ್ಲಿ ನಾನೊಬ್ಬನೇ ಇರುವೆನೆನ್ನಿಸಿ ದಿಗಿಲಾಗುತ್ತಿತ್ತು. ಕೆರೆಯ ಜೊತೆಗೆ ಮುನಿನಾರಾಯಣಮ್ಮನ ಬಾವಿಯಿಂದಲೂ ಅವನು ಆವತ್ತು ಒಂದು ಸೀಸೆ ತುಂಬಿದ.

ಈ ಸಲ ಸಾಕ್ಷಿ ಶುದ್ಧವಾಗಿತ್ತು. ಕೆರೆ ಶುದ್ಧವಾಗಿರಲಿಲ್ಲ, ಬಾವಿಯೂ.

ಚರಂಡಿ ತಿರುಗಿಸುವ ಆದೇಶ ಇನ್ನು ತಪ್ಪುವುದಿಲ್ಲ ಎಂದು ಹೇಳಲು ಹೋದಾಗ ನಾನೂ ಜೊತೆಗಿದ್ದೆ. ಮುನಿನಾರಾಯಣಮ್ಮ ಹಿಗ್ಗುತ್ತಾಳೆಂದುಕೊಂಡಿದ್ದೆ. ಅವಳು ಬಾವಿಯ ಕಡೆಗೊಮ್ಮೆ, ತನ್ನ ಕೈಯ ನೀರಿನ ಚೊಂಬಿನ ಕಡೆಗೊಮ್ಮೆ ನೋಡಿ ಮೆಲ್ಲಗೆ ಕೇಳಿದಳು: "ಅಂಗಾರೆ, ಇಷ್ಟು ವರ್ಸ ನಾವು ಬಾಗ್ಲು ತೆಕ್ಕಂಡೇ ಇದ್ವಾ?"

ಕೋದಂಡಪ್ಪ ಅವಳ ಕೈಯಿಂದ ಚೊಂಬು ಇಸಿದುಕೊಂಡು, ನೀರನ್ನು ನೆಲಕ್ಕೆ ಚೆಲ್ಲಿ, ಕೆರೆಯ ಕಡೆ ಬೆನ್ನು ಮಾಡಿ ನಿಂತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೇಡು ಬಂದಾಗ ಬೆರಳು ತೋರಿಸುವವರಿಗೆ ನಮ್ಮಲ್ಲಿ ಬರವಿಲ್ಲ, ನಾನೂ ಅವರಲ್ಲೊಬ್ಬ. ತೋರಿಸುವ ಮುಂಚೆ ಆ ಬೆರಳನ್ನೇ ಒಮ್ಮೆ ಮೂಸಿ ನೋಡಿಕೊಳ್ಳುವ ಜಾತಿಯವರು ಎಲ್ಲೋ ಒಬ್ಬಿಬ್ಬರು. ಅವರು ಪಕ್ಕದಲ್ಲಿ ಕೂತರೂ ನಮಗೆ ತಿಳಿಯುವುದಿಲ್ಲ, ಏಕೆಂದರೆ ಅವರಿಗೆ ವಾಸನೆಯಿರುವುದಿಲ್ಲ. ಆದರೆ ಅವರು ಹೌದೆಂದರೆ ಮಾತ್ರ ನಾವು ಕೈಯಲ್ಲಿರುವ ನೀರನ್ನು ಚೆಲ್ಲಲೇಬೇಕಾಗುತ್ತದೆ.