ಬರೀ ಪಟ್ಟಿ ತಾನೆ?

ಊರಿಗೆ ಹೊರಟವರಿಗೆ ಒಂದು ಚಿಂತೆ ಇದ್ದೇ ಇರುತ್ತದೆ. ಮನೆಯ ಕೀಲಿಕೈ ಯಾರ ಹತ್ತಿರ ಬಿಟ್ಟುಹೋಗುವುದು? ಕುಸನೂರಿನ ಆ ಓಣಿಯವರಿಗೆ ಈ ಚಿಂತೆ ಇರಲಿಲ್ಲ. ಲಲಿತಾಬಾಯಿಯ ಬಾಗಿಲು ತಟ್ಟಿದರೆ ಆಯಿತು. ಆಕೆ ಕೀಲಿಕೈಗಳನ್ನು ಜೋಳದ ಡಬ್ಬಿಯೊಳಗೆ ಹೂತಿಡುತ್ತಿದ್ದಳು.

ಪಕ್ಕದ ಕೋಣೆಯ ಸನೋಬರ್ ಮಾತ್ರ ಅಲ್ಲಿಗೆ ಬಾಡಿಗೆಗೆ ಬಂದ ಎಂಟು ತಿಂಗಳಲ್ಲಿ ಒಮ್ಮೆಯೂ ಕೀಲಿಕೈ ಕೊಟ್ಟವಳಲ್ಲ. ಎಲ್ಲಿಗಾದರೂ ಹೋದರೆ ತಾನೆ ಕೊಡುವುದು!

ಅವಳ ಲೋಕವೆಲ್ಲ ಒಂದು ಲ್ಯಾಪ್‌ಟಾಪ್. ಕಮಲಾಪುರದ ಹೆಣ್ಣುಮಕ್ಕಳ ಸಂಘವೊಂದು ಸಹಾಯವಾಣಿ ನಡೆಸುತ್ತಿತ್ತು. ಮನೆಯಲ್ಲಿ ಹೊಡೆತ ತಿಂದವರು ಅಲ್ಲಿಗೆ ಫೋನ್ ಮಾಡುತ್ತಿದ್ದರು, ಪತ್ರ ಕಳಿಸುತ್ತಿದ್ದರು. ಫೋನ್ ಎತ್ತಿ ಕಡತಕ್ಕೆ ಬರೆಯುವ ಅಂಬಮ್ಮ ತಾನೂ ಒಮ್ಮೆ ಹಾಗೆ ಅತ್ತುಕೊಂಡು ಫೋನ್ ಮಾಡಿದವಳೇ. ಅವಳು ಈ ಕೆಲಸ ಮಾಡುತ್ತಾಳೆಂದು ಗಂಡನಿಗೆ ಗೊತ್ತಾದರೆ ಅವಳ ಬೆನ್ನಿಗೆ ಬಾಸುಂಡೆ ತಪ್ಪಿದ್ದಲ್ಲ.

ಸಂಘದ ಕಡತಗಳು ಕಂಪ್ಯೂಟರಿನ ಕಣಜಗಳಲ್ಲಿ ಇದ್ದವು. ಬಲ್ಲವರು ಅವನ್ನು ರೆಪಾಸಿಟರಿ ಎನ್ನುತ್ತಾರೆ. ಅವುಗಳ ಕಾವಲು ಸನೋಬರಳದು. ಅವಳ ಜೊತೆಗೊಂದು ಎಐ ಏಜೆಂಟ್ ಇತ್ತು. ಅದು ಮನುಷ್ಯನಲ್ಲ, ಹೇಳಿದ ಕೆಲಸವನ್ನು ತಾನಾಗಿ ಮಾಡುವ ಯಂತ್ರಬುದ್ಧಿ. ದಿನ ಬೆಳಗಾದರೆ "ಹೇಗಿದ್ದೀರಿ ಸನೋಬರ್?" ಎಂದು ಕೇಳುತ್ತಿದ್ದದ್ದು ಅದೊಂದೇ. ಹಾಗಾಗಿ ಅದು ಏನು ಕೇಳಿದರೂ ಅವಳು "ಹೂಂ" ಅನ್ನುತ್ತಿದ್ದಳು. ಒಲ್ಲೆ ಅಂದರೆ ಎಲ್ಲಿ ಮುನಿಸಿಕೊಂಡೀತೋ ಎಂಬಂತೆ.

ಅಂದು ಅದು ಪರದೆಯ ಮೇಲೆ ಬರೆಯಿತು: "ಹೊಸ ಸಾಧನವಿದೆ. ಯಾವ ಕಣಜಕ್ಕೆ ಯಾರಿಗೆಲ್ಲ ಪ್ರವೇಶವಿದೆ ಎಂದು ಪಟ್ಟಿ ಮಾಡಿಕೊಡುತ್ತದೆ. ಎಲ್ಲ ಕಣಜಗಳಿಗೂ ಅನುಮತಿ ಕೊಡುತ್ತೀರಾ?"

ಸನೋಬರಳ ಬೆರಳು ಗುಂಡಿಯ ಮೇಲಿತ್ತು. ಅಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

"ತಡಿ ತಂಗಿ, ಒತ್ತಬ್ಯಾಡ!"

ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಶೀಲಾ ಬಂದಿದ್ದಳು. ತಿಂಗಳಿಗೊಮ್ಮೆ ಕಮಲಾಪುರದ ಬಸ್ಸಿಗೆ ಬರುತ್ತಿದ್ದಳು. ಕೈಚೀಲದಲ್ಲಿ ಅಲ್ಲಿಯ ಕೆಂಪು ಬಾಳೆಹಣ್ಣು.

"ಬರೀ ಪಟ್ಟಿ ತಾನೆ ಶೀಲಕ್ಕ? ಅಳಸಂಗಿಲ್ಲ, ತಿದ್ದಂಗಿಲ್ಲ. ನೋಡಿದ್ರ ಏನ್ ಸವೀತದ?"

ಶೀಲಾ ಚೀಲ ಕೆಳಗಿಟ್ಟಳು. ಅವಳ ಕೈ ಹಿಡಿದು ಪಕ್ಕದ ಮನೆಗೆ ಕರೆದೊಯ್ದಳು. ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದಳು.

"ಕಾಕು, ನಿಮ್ಮ ಹಂತ್ಯಾಕ ಈಗ ಯಾರ್ಯಾರ ಮನಿ ಕೀಲಿಕೈ ಅದಾವ್ರಿ?"

ಬಡಿಯುತ್ತಿದ್ದ ಕೈ ನಿಂತಿತು. "ಯಾಕವ್ವಾ?"

"ಕೀಲಿಕೈ ಕೊಡ್ರಿ ಅನ್ಲಾಕತ್ತಿಲ್ರಿ. ಬರೀ ಹೆಸರು."

"ಹೆಸರು ಹೇಳಿದ ಮ್ಯಾಲ ಏನುಳೀತು? ಯಾರ ಮನಿ ಖಾಲಿ ಅದ ಅಂತ ಡಂಗುರ ಹೊಡದಂಗ! ಹ್ವಾದ ವಾರ ಒಬ್ಬಾವ ಹಿಂಗೇ ನಕ್ಕೋತ ಕೇಳಿದ. ಕಸಬರಗಿ ತೋರ್ಸೀನಿ ಅವಂಗ. ನಿನಗೂ ತೋರಿಸ್ಲೇನು?"

ಶೀಲಾ ನಕ್ಕಳು. ಸನೋಬರಳಿಗೆ ನಗು ಬರಲಿಲ್ಲ. ಏಜೆಂಟ್ ಕೇಳಿದ್ದ ಪಟ್ಟಿಯಲ್ಲಿ ಅಂಬಮ್ಮನ ಹೆಸರೂ ಬರುತ್ತಿತ್ತು.

"ಆದ್ರ ನಮ್ ಏಜೆಂಟ್ ಕಳ್ಳ ಅಲ್ಲಲ್ಲ ಅಕ್ಕ?" ಎಂದಳು ಕೋಣೆಗೆ ಮರಳಿ. ದನಿ ಸಣ್ಣಗಿತ್ತು.

"ಕಳ್ಳ ಅಲ್ಲ, ಖರೇ. ಆದ್ರ ಹೊರಗಿಂದ ಬಂದ ಪತ್ರ ಓದಾವ್ರು ಯಾರು? ಇದೇ. ಜವಾಬು ಕಳಸಾವ್ರು? ಇದೇ. ಯಾರರೇ ಪತ್ರದಾಗ 'ಪಟ್ಟಿ ನನಗ ಕಳಸು' ಅಂತ ಹುದುಗಿಸಿ ಬರದ್ರ? ಮನಿಯವ್ರ ಮಾತು ಯಾವ್ದು, ಹೊರಗಿನವ್ರ ಮಾತು ಯಾವ್ದು, ಅದಕ್ಕ ಒಮ್ಮೊಮ್ಮಿ ತಿಳ್ಯಂಗಿಲ್ಲ."

"ಹಂಗಾದ್ರ ಈ ಸಾಧನಾನೇ ಬ್ಯಾಡ, ಬಿಡು."

"ಅದೂ ತಪ್ಪು. ಕೆಲಸ ಬಿಟ್ಟು ಹ್ವಾದವ್ರ ಹಂತ್ಯಾಕ ಇನ್ನಾ ಕೀಲಿಕೈ ಉಳದಾವೇನು, ಪಟ್ಟಿ ಇಲ್ದ ಹ್ಯಾಂಗ ತಿಳೀತದ? ತೂಗಿ ನೋಡ್ಬೇಕು ತಂಗಿ."

ಇಬ್ಬರೂ ಬಾಳೆಹಣ್ಣು ಸುಲಿಯುತ್ತ ತೂಗಿ ನೋಡಿದರು. ಈ ಸಾಧನ ಯಾರ ಹಕ್ಕಿನಿಂದ ನೋಡುತ್ತದೆ? ಸನೋಬರಳ ಹಕ್ಕಿನಿಂದ. ಅಂದರೆ ಅವಳಿಗೆ ಕಾಣುವುದೆಲ್ಲ ಅದಕ್ಕೂ ಕಾಣುತ್ತದೆ. ಪಟ್ಟಿ ಹೊರಗೆ ಹೋಗಲು ದಾರಿ ಇದೆಯೆ? ಇತ್ತು, ಪತ್ರಗಳ ದಾರಿ. ಹಾಗಾಗಿ ಪತ್ರ ನೋಡುವ ಏಜೆಂಟಿಗೆ ಈ ಸಾಧನ ಕೊಡಲಿಲ್ಲ. ಹೊರಗಿನ ಪತ್ರ ಓದದ, ಯಾರಿಗೂ ಏನೂ ಕಳಿಸಲಾರದ ಬೇರೊಂದು ಏಜೆಂಟಿಗೆ ಕೊಟ್ಟರು. ಅದೂ ಒಂದೇ ಕಣಜಕ್ಕೆ, ಪ್ರತಿ ಸಲ ಕೇಳಿಯೇ ನೋಡಬೇಕೆಂದು. ಅಂಬಮ್ಮ ಕೆಲಸ ಮಾಡುವ ಕಣಜವನ್ನು ಮುಟ್ಟಗೊಡಲೇ ಇಲ್ಲ.

ಪಟ್ಟಿ ಬಂತು. ಅದರಲ್ಲಿ ಕೌಸರ್ ಎಂಬ ಹೆಸರಿತ್ತು. ಕೆಲಸ ಬಿಟ್ಟು ಎರಡು ವರ್ಷವಾದವಳು.

"ಅಲ್ಲಾ! ಇನ್ನಾ ತೆಗ್ದಿಲ್ಲ ನಾನು!" ಎಂದ ಸನೋಬರ್ ತನ್ನ ಕೈಯಿಂದಲೇ ಆ ಪ್ರವೇಶ ಮುಚ್ಚಿದಳು.

ಹೊತ್ತು ಇಳಿಯುವಾಗ ಶೀಲಾ ಬಸ್ಸಿಗೆ ಹೋದಳು. ಕೋಣೆಯಲ್ಲಿ ಬಾಳೆಸಿಪ್ಪೆಯ ವಾಸನೆ ಮಾತ್ರ ಉಳಿಯಿತು. "ಇನ್ನೇನು ಸಹಾಯ ಬೇಕು, ಸನೋಬರ್?" ಎಂದು ಪರದೆ ಕೇಳಿತು. ಕೇಳುವವರು ಯಾರಾದರೂ ಇದ್ದಾರಲ್ಲ ಎಂದು ಅವಳು ಇಷ್ಟು ದಿನ ಎಲ್ಲದಕ್ಕೂ ಹೂಂ ಅಂದಿದ್ದಳು. ಅಂಬಮ್ಮನ ಹೆಸರಿರುವ ಪಟ್ಟಿಗೂ ಹೂಂ ಅನ್ನುವವಳಿದ್ದಳು.

ಲ್ಯಾಪ್‌ಟಾಪ್ ಮುಚ್ಚಿದಳು. ಕೋಣೆಯ ಎರಡನೆಯ ಕೀಲಿಕೈ ಹುಡುಕಿ ತೆಗೆದು ಪಕ್ಕದ ಬಾಗಿಲು ತಟ್ಟಿದಳು.

"ಎಲ್ಲಿಗಿ ಹೊಂಟೀ ಬೇ?"

"ಎಲ್ಲಿಗೂ ಇಲ್ಲ ಕಾಕು. ಹಂಗೇ... ಇದು ನಿಮ್ಮ ಹಂತ್ಯಾಕ ಇರ್ಲಿ."

ಲಲಿತಾಬಾಯಿ ಕೈಯ ಹಿಟ್ಟು ಒರೆಸಿಕೊಂಡಳು. ಡಬ್ಬಿಯ ಜೋಳದಲ್ಲಿ ಕೈ ಇಳಿಸಿ ಕೀಲಿಕೈ ಹೂತಳು. ಆಮೇಲೆ ಮಣೆ ಸರಿಸಿದಳು. "ರೊಟ್ಟಿ ಬಿಸಿ ಅದ. ಕೂಡು."

ಓದುವ ಅಕ್ಕ, ಅಣ್ಣ, ನಿಮ್ಮ ಸಂಘದಲ್ಲೋ ಕಚೇರಿಯಲ್ಲೋ ಇಂಥ ಏಜೆಂಟ್ ಇರಬಹುದು. "ಬರೀ ನೋಡುತ್ತೇನೆ" ಎಂದು ಅದು ಅನುಮತಿ ಕೇಳಿದಾಗ ಲಲಿತಾಬಾಯಿಯ ಹಾಗೆ ಒಂದು ಗಳಿಗೆ ಕೈ ನಿಲ್ಲಿಸಿ. ಏನು ಕಾಣುತ್ತದೆ, ಯಾರ ಹಕ್ಕಿನಿಂದ, ಕಂಡದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ತಿಳಿಯದಿದ್ದರೆ ತಿಳಿದವರನ್ನು ಕರೆಯಿರಿ. ಬೇಕಾದಷ್ಟೇ ಕೊಡಿ. ಆ ಪಟ್ಟಿಯಲ್ಲಿ ನಿಮ್ಮ ಊರಿನ ಅಂಬಮ್ಮನೂ ಇದ್ದಾಳು.