ಗೋಡೆಯ ಮೇಲಿನ ನೀಲಿ ಬಾಗಿಲು

ನಾನು ತರಕಾರಿ ಮಾರ್ಕೆಟ್ಟಿನ ಗೋಡೆ. ಕಟ್ಟಿ ಮುಗಿಸಿದ ದಿನ ಗಿಲಾವು ಇನ್ನೂ ಹಸಿಯಾಗಿತ್ತು. ಆಗಲೇ ಒಬ್ಬ ಗಂಡಸು ಬೀಡಿ ಕಚ್ಚಿಕೊಂಡು ಬಂದು ನನ್ನ ಬುಡಕ್ಕೆ ಉಚ್ಚೆ ಹೊಯ್ದು ಹೋದ. ನನ್ನ ಗೃಹಪ್ರವೇಶ ಅಷ್ಟೇ.

ನನ್ನ ಮುಂದೆ ಬೀದಿಯಲ್ಲಿ ಸೊಪ್ಪು, ಹೂವು ಮಾರುವ ಹೆಂಗಸರು. ನನ್ನ ಬೆನ್ನ ಹಿಂದೆ ಮಾರ್ಕೆಟ್ ಕಚೇರಿಯ ಅಂಗಳ. ಅದರ ಮೂಲೆಯಲ್ಲಿ ಬಿಳಿ ಟೈಲ್ಸಿನ ಸಂಡಾಸು. ಅದು ಕಚೇರಿಯವರಿಗೆ ಮಾತ್ರ. ಹೆಂಗಸರು ಹೋದರೆ ಗೇಟಿನ ಕಾವಲುಗಾರ ಕೋಲು ಅಡ್ಡ ಹಿಡಿಯುತ್ತಿದ್ದ.

ಗಂಡಸರನ್ನು ತಡೆಯಲೆಂದು ನನ್ನ ಮೈಗೆ ಎಲ್ಲ ಧರ್ಮದ ದೇವರ ಟೈಲ್ಸ್ ಅಂಟಿಸಿದರು. ಗಂಡಸರು ಕೈಮುಗಿದು, ದೇವರು ಮುಗಿಯುವಲ್ಲಿಗೆ ಸರಿದು, ಅಲ್ಲಿ ಹೊಯ್ದರು. ಸೊಪ್ಪಿನ ನೀಲವ್ವ ಕೂರುತ್ತಿದ್ದುದು ಅಲ್ಲೇ. ಕೊತ್ತಂಬರಿಗೆ ದಿನವಿಡೀ ನೀರು ಚಿಮುಕಿಸುವ ಅವಳು ತಾನು ಮಾತ್ರ ಸಂಜೆಯವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಉರಿಮೂತ್ರದ ನೋವಿಗೆ ಅವಳು ಹಲ್ಲು ಕಚ್ಚಿದಾಗ ಅವಳ ಬೆನ್ನು ನನಗೆ ಆನಿರುತ್ತಿತ್ತು.

ಆಮೇಲೆ ಬೀದಿಯ ಜನರೇ ಸೇರಿ ಗೋಡೆಗಳಿಗೆ ಚಿತ್ರ ಬರೆಯುವ ಯೋಜನೆ ಬಂತು. ಡ್ರಾಯಿಂಗ್ ಟೀಚರ್ ಶಾಹಿನಾ ಬಣ್ಣದ ಡಬ್ಬಿಗಳೊಂದಿಗೆ ಬಂದು, "ನವಿಲು ಬರೆಯೋಣವಾ?" ಎಂದು ಕೇಳಿದಳು.

"ನವಿಲಿಗೇನ್ರಿ ಅಕ್ಕೋರ, ಎಲ್ಲಿ ಬೇಕಲ್ಲಿ ಕುಂತು ಎದ್ದು ಹೋಗ್ತೈತಿ," ಎಂದಳು ನೀಲವ್ವ. "ನಮಗೊಂದು ಸಂಡಾಸದ ಬಾಗಲಾ ಬರೀರಿ. ನೋಡಿದವ್ರಿಗೆ ನಾಚಿಕಿ ಬರ್ಲಿ."

ಹೂವಿನ ತಾಜಬಿ, "ಚಿಲಕಾ ಒಳಗಿಂದ ಇರ್ಲಿ, ಗಟ್ಟಿಮುಟ್ಟಿಂದು," ಎಂದಳು. ಎಲ್ಲರೂ ನಕ್ಕರು. ಎಲ್ಲರೂ ಕುಂಚ ಹಿಡಿದರು. ಅರೆ ತೆರೆದ ನೀಲಿ ಬಾಗಿಲು, ಒಳಗೆ ಚಿಲಕ, ತುಂಬಿದ ಬಕೆಟ್ಟು.

ನಾಚಿಕೆ ಯಾರಿಗೂ ಬರಲಿಲ್ಲ. ಬಹುಮಾನ ಬಂತು. ಮಾರ್ಕೆಟ್ ಸಾಹೇಬರು ನನ್ನ ಮುಂದೆ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರು. "ಖರೇದ್ದು ಯಾವಾಗ್ರಿ?" ಎಂದ ನೀಲವ್ವನಿಗೆ, "ನೋಡೋಣಮ್ಮ, ಚಿತ್ರ ಎಷ್ಟು ಚೆಂದ ಬಂದೈತಲ್ಲ!" ಎಂದರು.

ಒಂದು ಮಧ್ಯಾಹ್ನ ಬಸ್ಸಿಳಿದ ಬಸುರಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು. ಬಾಗಿಲಿಗೆ ಕೈ ಹಾಕಿ ನೂಕಿದಳು. ಉಗುರಿನಿಂದ ನನ್ನ ಬಣ್ಣ ಕೆರೆದಳು. ಚಹಾದಂಗಡಿಯಿಂದ ಒಬ್ಬ, "ಜೋರಾಗಿ ದೂಡವಾ, ತೆರೀತೈತಿ!" ಎಂದ. ನಗೆ ಎದ್ದಿತು. ನಿಂತಲ್ಲೇ ಅವಳ ಸೀರೆ ಉಚ್ಚೆಯಿಂದ ಒದ್ದೆಯಾಯಿತು. ನೀಲವ್ವ ಓಡಿ ಹೋಗಿ ತನ್ನ ಸೆರಗು ಬಿಡಿಸಿ ಅವಳಿಗೆ ಮರೆ ಮಾಡಿದಳು. "ನಗ್ರಿ! ನಿಮ್ಮವ್ವನೂ ಹಿಂಗ ಒದ್ದಾಡಿ ಹಡದಾಳ ನಿಮ್ನ!" ಆ ನಗೆಯ ಮೇಲೆ ಕುಸಿದು ಬೀಳಬೇಕು ಅನಿಸಿತು ನನಗೆ. ಗೋಡೆಗೆ ಕಾಲಿಲ್ಲ.

ಮಾರನೆಯ ದಿನ ಶಾಹಿನಾ ಸುಣ್ಣದ ಡಬ್ಬಿ ಹಿಡಿದು ಬಂದಳು. ಕಣ್ಣು ಕೆಂಪಗಿದ್ದವು. "ಅಳಿಸಿಬಿಡ್ತೀನಿ ನೀಲವ್ವ."

"ಯಾಕ ಅಳಸ್ತೀರಿ ಅಕ್ಕೋರ? ಗೀಟು ಹಾಕಿ ಕೊಟ್ಟೀರಿ. ಅಷ್ಟ ಜಾಗಾ ಒಡೀತೀವಿ, ಹಿಂದ ಕಚೇರಿದು ಸಂಡಾಸ ಐತಲ್ಲ."

ತಾಡಪಾಲಿನ ಗೂಟ ಹೊಡೆಯುವ ಸುತ್ತಿಗೆಗಳು ಬಂದವು. ಮೊದಲ ಏಟು ನೀಲವ್ವನದು, ಎರಡನೆಯದು ಶಾಹಿನಾಳದು. ನೋವಾಯಿತು, ಇನ್ನೂ ಜೋರಾಗಿ ಹೊಡೆಯಲಿ ಎಂದುಕೊಂಡೆ. ಸಾಹೇಬರು ಓಡಿ ಬಂದರು. "ಬಹುಮಾನ ಬಂದಿರೋ ಗೋಡೆ ಅದು! ಕೇಸ್ ಹಾಕ್ತೀನಿ!"

"ಹಾಕ್ರಿ," ಎಂದಳು ನೀಲವ್ವ. "ಮೊದಲ ಒಳಗ ಹೋಗಿ ಬರ್ತೀವಿ, ಆಮ್ಯಾಲೆ ಠಾಣೇಕ್ಕ ಬರ್ತೀವಿ."

ಕೇಸು ಇನ್ನೂ ನಡೆಯುತ್ತಿದೆ, ಹೆಂಗಸರು ನನ್ನನ್ನು ದಾಟಿ ಸಂಡಾಸಿಗೆ ಹೋಗಿ ಬರುತ್ತಲೇ ಇದ್ದಾರೆ. ನಡುವೆ ತೂತಾದ ನನ್ನನ್ನು ಹಾಳುಗೋಡೆ ಎನ್ನುತ್ತಾರೆ. ಬಿರುಕುಗಳು ಹಬ್ಬಿವೆ, ಹೆಚ್ಚು ದಿನ ನಿಲ್ಲಲಾರೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಇಡೀ ಗೋಡೆಯಾಗಿದ್ದಾಗ ನನ್ನನ್ನು ಹೊಗಳಿದವರಲ್ಲಿ ಒಬ್ಬರಾದರೂ ಒಂದು ಹಲಗೆ ಬಾಗಿಲು ತಂದುಕೊಡಲಿಲ್ಲ.

ಮೊನ್ನೆ ಸಾಹೇಬರು ನನ್ನ ತೂತು ಮುಚ್ಚಲು ಗೌಂಡಿಯನ್ನು ಕಳಿಸಿದರು. ಅವನ ಜೊತೆ ಇಟ್ಟಿಗೆ ಹೊರಲು ಅವನ ಹೆಂಡತಿ. ಬಂದವಳೇ ಬುಟ್ಟಿ ಕೆಳಗಿಟ್ಟು, ನನ್ನೊಳಗಿಂದ ದಾಟಿ ಒಳಗೆ ಹೋಗಿ ಬಂದಳು. ಆಮೇಲೆ ಬುಟ್ಟಿ ಮುಟ್ಟಲಿಲ್ಲ.

"ಇಟ್ಟಂಗಿ ಕೊಡ," ಎಂದ ಗಂಡ.

"ನಾ ಕೊಡಂಗಿಲ್ಲ," ಎಂದು ಅವಳು ನೀಲವ್ವನ ಪಕ್ಕ ಕೂತುಬಿಟ್ಟಳು.